ಬಾಗಿಲ ಮುಂದಿನ ತೊಟ್ಟಿ

ರಾಮನಗರದ ಯಾವ ಬೀದಿಗೆ ಬೇಕಾದರೂ ಹೋಗಿ ನೋಡಿ, ಮನೆಮನೆಯ ಮುಂದೆ ಮೆಟ್ಟಿಲುಗಳ ನಡುವೆ ಗೇಣಗಲದ ಒಂದು ಸಿಮೆಂಟಿನ ಇಳಿಜಾರು ಇರುತ್ತದೆ. ಅದು ಬೈಕಿಗೆ. ಬೈಕು ರಾತ್ರಿ ಬೀದಿಯಲ್ಲಿ ನಿಲ್ಲಬಾರದು, ಮಳೆಯಲ್ಲಿ ನೆನೆಯಬಾರದು. ಹಾಗಾಗಿ ಸಂಜೆಯಾಗುತ್ತಿದ್ದಂತೆ ಅದು ಆ ಇಳಿಜಾರು ಹತ್ತಿ ಹಜಾರಕ್ಕೆ ಹೋಗಿ, ಸೋಫಾದ ಪಕ್ಕ ನಿಂತು, ಮನೆಯವರ ಜೊತೆ ಕೂತಂತೆ ಟಿವಿ ನೋಡುತ್ತದೆ. ನಾನು ವೀಲ್‌ಚೇರಿನಲ್ಲಿ ಕೂತು ಬೀದಿಯಿಂದ ಇದನ್ನು ನೋಡಿ ಎಷ್ಟೋ ಸಲ ಹೊಟ್ಟೆ ಉರಿದುಕೊಂಡಿದ್ದೇನೆ. ಒಂದು ಹೀರೋ ಹೊಂಡಾಗೆ ಸಿಗುವ ಮರ್ಯಾದೆ ಈ ಊರಿನಲ್ಲಿ ನನಗೆ ಸಿಗಲು ತುಂಬಾ ಕಾಲ ಹಿಡಿಯಿತು.

ನನಗೆ ಬೇಕಾಗಿದ್ದು ದೊಡ್ಡ ಮನೆಯಲ್ಲ. ಯಾರನ್ನೂ ಕರೆಯದೆ ಒಳಗೆ ಹೋಗುವಂಥ, ಯಾರನ್ನೂ ಕರೆಯದೆ ಹೊರಗೆ ಬರುವಂಥ ಒಂದು ಬಾಗಿಲು, ಅಷ್ಟೇ. ಕಾಲಿರುವವರಿಗೆ ಇದು ಒಂದು ಆಸೆ ಅಂತಲೇ ಅನ್ನಿಸುವುದಿಲ್ಲ. ಹುಟ್ಟಿದಾಗಿನಿಂದ ಬಾಗಿಲಲ್ಲಿ ನಿಂತು ಯಾರದೋ ಹೆಸರು ಕೂಗುತ್ತಲೇ ಬಂದವಳಿಗೆ ಅದಕ್ಕಿಂತ ದೊಡ್ಡ ಆಸೆ ಇರಲಿಲ್ಲ.

ನಾನು ಹುಟ್ಟಿದ್ದು ಚನ್ನಪಟ್ಟಣದ ಹತ್ತಿರದ ಬೈರಾಪಟ್ಟಣದಲ್ಲಿ. ತಟ್ಟಾಡುತ್ತಾ ಹೆಜ್ಜೆ ಇಡುವ ಹೊತ್ತಿಗೆ ಪೋಲಿಯೊ ಬಂದು ಎರಡು ಕಾಲಿನ ಬಲವನ್ನೂ ತೆಗೆದುಕೊಂಡು ಹೋಯಿತು. ಬಲ ಹೋಯಿತೇ ಹೊರತು ಸ್ಪರ್ಶ ಹೋಗಲಿಲ್ಲ. ಇರುವೆ ಕಚ್ಚಿದರೆ ಗೊತ್ತಾಗುತ್ತದೆ, ಬಿಸಿ ನೀರು ಬಿದ್ದರೆ ಚುರುಕ್ ಅನ್ನುತ್ತದೆ. ಇದನ್ನು ಯಾಕೆ ಹೇಳುತ್ತಿದ್ದೇನೆಂದರೆ, ನಮ್ಮ ಕಡೆ ನೆಂಟರ ಮನೆಗೆ ಹೋದರೆ ಬಾಗಿಲಲ್ಲೇ ಒಂದು ಚೊಂಬು ನೀರು ಕೊಡುತ್ತಾರೆ. ಕಾಲು ತೊಳ್ಕೊಂಡು ಒಳಗೆ ಬನ್ನಿ ಅನ್ನುತ್ತಾರೆ. ಅದಾದ ಮೇಲೇ ಚೆನ್ನಾಗಿದ್ದೀರಾ, ಮಳೆ ಹೇಗೆ, ಸಾಕಿದ ರೇಷ್ಮೆ ಹುಳು ಪೊರೆ ಬಿಡುವ ಎಷ್ಟನೇ ಜ್ವರದಲ್ಲಿದೆ ಅನ್ನುವ ಮಾತೆಲ್ಲ. ಅಪ್ಪ ನನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ಹೋಗುತ್ತಿದ್ದರು. ಅಪ್ಪ ಕಾಲು ತೊಳೆಯುತ್ತಿದ್ದರು, ಅವ್ವ ತೊಳೆಯುತ್ತಿದ್ದಳು, ಅಣ್ಣ ನೀರು ಚೆಲ್ಲಿ ಬೈಸಿಕೊಳ್ಳುತ್ತಿದ್ದ. ನಾನು ಮಾತ್ರ ಹೆಗಲಿಂದ ನೇರ ಚಾಪೆಗೆ. ಒಂದು ಸಲ ನನಗೂ ನೀರು ಕೊಡಿ ಅಂತ ಹಠ ಹಿಡಿದೆ. ನಿನ್ನ ಕಾಲಿಗೆ ಧೂಳೆಲ್ಲಿ ಆಗಿದೆ ಕೂಸೇ, ಬಂಗಾರದ ಹಾಗಿವೆ ಅಂದು ಅತ್ತೆಯೊಬ್ಬಳು ಮುದ್ದಿಸಿದಳು. ಎಲ್ಲರೂ ನಕ್ಕರು. ಪ್ರೀತಿಯಿಂದಲೇ ನಕ್ಕರು. ನಾನು ಮಾತ್ರ ಯಾಕೆ ಅಷ್ಟು ಅತ್ತೆ ಅಂತ ಯಾರಿಗೂ ತಿಳಿಯಲಿಲ್ಲ.

ಓದಿದೆ, ಪರೀಕ್ಷೆ ಬರೆದೆ, ಪ್ರೌಢಶಾಲೆಯಲ್ಲಿ ಗಣಿತ ಹೇಳಿಕೊಡುವ ಕೆಲಸ ಸಿಕ್ಕಿತು. ರಾಮನಗರಕ್ಕೆ ಹಾಕಿದರು. ಶಾಲೆಯವರು ಒಳ್ಳೆಯವರು. ನಾನು ಬರುತ್ತೇನೆಂದು ತಿಳಿದು ನನ್ನ ತರಗತಿಗಳನ್ನೆಲ್ಲ ಕೆಳಗಿನ ಕೋಣೆಗಳಿಗೆ ಹಾಕಿ, ಕಪ್ಪುಹಲಗೆಯನ್ನೂ ನನ್ನ ಕೈಗೆ ಎಟುಕುವಷ್ಟು ಇಳಿಸಿದ್ದರು. ತೊಂದರೆ ಇದ್ದದ್ದು ಶಾಲೆಯಲ್ಲಲ್ಲ, ಬೈರಾಪಟ್ಟಣಕ್ಕೂ ಶಾಲೆಗೂ ನಡುವಿನ ದಾರಿಯಲ್ಲಿ.

ಬಸ್ಸಿನ ಮೆಟ್ಟಿಲು ನನ್ನ ಎದೆಮಟ್ಟಕ್ಕೆ ಬರುತ್ತದೆ. ಬೆಳಗಿನ ಬಸ್ಸು ಬಂದು ನಿಂತರೆ ಕಂಡಕ್ಟರು ಮೊದಲು ನನ್ನನ್ನು ನೋಡಿ, ಆಮೇಲೆ ಕುರ್ಚಿಯನ್ನು ನೋಡಿ, ಹಿಂದಿನ ಬಸ್ಸು ಖಾಲಿ ಬರ್ತಾ ಇದೆ ಮೇಡಂ ಅನ್ನುತ್ತಿದ್ದ. ಆ ಖಾಲಿ ಬಸ್ಸನ್ನು ನಾನು ಇವತ್ತಿನವರೆಗೂ ನೋಡಿಲ್ಲ. ಹತ್ತಿಸಿಕೊಂಡರೂ ಪಾಡು ಬೇರೆ. ಯಾರೋ ಇಬ್ಬರು ನನ್ನನ್ನು ಕೇಳದೆ ಕಂಕುಳಿಗೆ ಕೈ ಹಾಕಿ ಅಕ್ಕಿ ಮೂಟೆಯಂತೆ ಎತ್ತುತ್ತಿದ್ದರು. ಇನ್ನೊಬ್ಬರು ಅಯ್ಯೋ ಪಾಪ ಅನ್ನುತ್ತಿದ್ದರು. ಕುರ್ಚಿ ಒಂದು ದಿನ ಡ್ರೈವರಿನ ಪಕ್ಕ ಬರುತ್ತಿತ್ತು, ಇನ್ನೊಂದು ದಿನ ಟಾಪಿನ ಮೇಲೆ. ಒಮ್ಮೆಯಂತೂ ನಾನು ರಾಮನಗರದಲ್ಲಿ ಇಳಿದೆ, ಕುರ್ಚಿ ಇಳಿಯದೆ ಬೆಂಗಳೂರಿನ ಕಡೆ ಹೊರಟೇಬಿಟ್ಟಿತು. ಬಿಡದಿಯಲ್ಲಿ ಅದನ್ನು ಇಳಿಸಿ, ಎದುರು ಬಂದ ಬಸ್ಸಿನಲ್ಲಿ ವಾಪಸ್ಸು ಕಳಿಸಿದರು. ಅಲ್ಲಿಯವರೆಗೆ ನಾನು ನಿಲ್ದಾಣದ ಹಣ್ಣಿನಂಗಡಿಯ ಸ್ಟೂಲಿನ ಮೇಲೆ ಕೂತು, ಬಾಳೆಹಣ್ಣು ತಿನ್ನುತ್ತಾ, ಬಂದವರಿಗೆಲ್ಲ ಅಂಗಡಿಯವನು ಒಳಗಿದ್ದಾನೆ ಅಂತ ಹೇಳುತ್ತಿದ್ದೆ.

ಆ ದಿನವೇ ನನಗೆ ಆಟೋ ಭಾಯ್ ಸಿಕ್ಕಿದ್ದು. ನಿಲ್ದಾಣದಿಂದ ಶಾಲೆಗೆ ಬರಲು ಕೂಗಿದಾಗ ಆತ ಇಳಿದು ಬಂದು, ಎರಡು ಕೈಯನ್ನೂ ಹಿಂದೆ ಕಟ್ಟಿಕೊಂಡು ನಿಂತು, ಎಲ್ಲಿ ಹಿಡಿಯಬೇಕು ಮೇಡಂ, ಹಿಡಿಯಲೇಬೇಕಾ ಅಂತ ಕೇಳಿದರು. ಜೀವಮಾನದಲ್ಲಿ ನನ್ನನ್ನು ಹಾಗೆ ಕೇಳಿದ ಮೊದಲನೆಯ ಗಂಡಸು. ನನ್ನನ್ನು ಹಿಡಿಯುವುದು ಬೇಡ, ಕುರ್ಚಿ ಅಲುಗದ ಹಾಗೆ ಒತ್ತಿ ಹಿಡಿದುಕೊಳ್ಳಿ ಸಾಕು, ನಾನೇ ಜಾರಿಕೊಂಡು ಕೂರುತ್ತೇನೆ ಅಂದೆ. ಅಂದಿನಿಂದ ಅವರೇ ಖಾಯಂ. ಆದರೆ ಬೈರಾಪಟ್ಟಣದಿಂದ ದಿನಾ ಆಟೋದಲ್ಲಿ ಬರುವುದು ಆಗದ ಮಾತು. ಬಸ್ಸಿನಲ್ಲಿ ಇನ್ನೊಂದು ವರ್ಷ ಮೂಟೆಯಾಗಿದ್ದರೆ ಕೆಲಸವೇ ಬೇಡ ಅಂತ ಮನೆಯಲ್ಲಿ ಕೂತುಬಿಡುತ್ತಿದ್ದೆ, ಅಷ್ಟು ರೋಸಿಹೋಗಿತ್ತು. ಶಾಲೆಯ ಹತ್ತಿರ ಒಂದು ಮನೆ ಸಿಕ್ಕರೆ ಚಕ್ರ ತಳ್ಳಿಕೊಂಡೇ ಹೋಗಿಬರಬಹುದು. ಕೆಲಸ ಉಳಿಯಬೇಕಾದರೆ ಮನೆ ಸಿಗಬೇಕಿತ್ತು.

ಬೇಸಿಗೆ ರಜೆಯಲ್ಲಿ ನಾನು, ಭಾಯ್ ಇಬ್ಬರೂ ಮನೆ ಹುಡುಕಲು ಹೊರಟೆವು. ಖಾಲಿ ಇದ್ದ ಮನೆಗಳೆಲ್ಲ ಮೊದಲ ಮಹಡಿಯಲ್ಲಿ. ಕೆಳಗಿನದರಲ್ಲಿ ಮನೆಯ ಯಜಮಾನರೇ ಇರುತ್ತಾರೆ, ಅವರ ಬೈಕೂ ಇರುತ್ತದೆ. ಒಬ್ಬ ಯಜಮಾನರು, ಒಂಟಿ ಹೆಣ್ಣುಮಗಳು, ಅದರ ಮೇಲೆ ಹೀಗೆ, ನಾಳೆ ಏನಾದರೂ ಆದರೆ ಯಾರು ಜವಾಬ್ದಾರಿ ಅಂದರು. ನಾಳೆ ನಿಮಗೇ ಏನಾದರೂ ಆದರೆ ಯಾರು ಜವಾಬ್ದಾರಿ ಅಂತ ಕೇಳಿಬಿಟ್ಟೆ. ಆ ಮನೆ ಅಲ್ಲಿಗೆ ಮುಗಿಯಿತು. ಭಾಯ್, ಮೇಡಂ ನೀವು ಒಸಿ ಬಾಯಿ ಮುಚ್ಕೊಂಡಿದ್ರೆ ಮನೆ ಸಿಗುತ್ತೆ ಅಂತ ಬುದ್ಧಿ ಹೇಳಿದರು.

ಬಾಯಿ ಮುಚ್ಚಿಕೊಂಡೆ. ಆಗ ನಿಜವಾದ ಕಾರಣ ಒಂದು ಮನೆಯಲ್ಲಿ ಕಿವಿಗೆ ಬಿತ್ತು. ವಯಸ್ಸಾದ ಯಜಮಾನರು ಮನೆ ತೋರಿಸಿ, ಬಾಡಿಗೆ ಮಾತಾಡಿ, ಎಲ್ಲ ಮುಗಿದ ಮೇಲೆ ನನ್ನ ಚಕ್ರದ ಕಡೆ ನೋಡಿದರು. ಚಪ್ಪಲಿಯನ್ನಾದರೆ ಹೊರಗೆ ಬಿಟ್ಟು ಬರಬಹುದು ತಾಯಿ, ಇದನ್ನು ಬೀದಿ ಕೊಚ್ಚೆಯಲ್ಲೆಲ್ಲ ಓಡಿಸಿಕೊಂಡು ಬಂದು ದೇವರ ಕೋಣೆ ಮುಂದೆ ತರುತ್ತೀರಲ್ಲ ಅಂದರು. ನನಗೆ ಸಿಟ್ಟು ನೆತ್ತಿಗೇರಿತು. ಆದರೆ ನಾನೂ ಅದೇ ಕಡೆಯವಳು. ನಮ್ಮ ಮನೆಯಲ್ಲೂ ಬೀದಿಯ ಕಾಲನ್ನು ತೊಳೆಯದೆ ಒಳಗೆ ಇಡುವುದಿಲ್ಲ. ಊರಿನಲ್ಲಿ ಮನೆಯೊಳಗೆ ನೆಲದ ಮೇಲೇ ಸರಿದಾಡಿಕೊಂಡಿದ್ದೆ, ಕುರ್ಚಿ ಜಗಲಿಯಲ್ಲೇ ನಿಲ್ಲುತ್ತಿತ್ತು. ಈಗ ಒಂಟಿಯಾಗಿ ಅಡುಗೆ ಮಾಡಿಕೊಂಡು ಇರಬೇಕಾದವಳಿಗೆ ಕುರ್ಚಿಯೇ ಕಾಲು, ಅದೇ ಚಪ್ಪಲಿ. ಕಾಲನ್ನು ಬಿಚ್ಚಿ ಹೊರಗಿಟ್ಟು ಬರುವುದು ಹೇಗೆ?

ಕೊನೆಗೆ ಭಾಯ್‌ಗೆ ದೊಡ್ಡವ್ವನ ನೆನಪಾಯಿತು. ಬೀದಿಯವರೆಲ್ಲ ದೊಡ್ಡವ್ವ ಅಂತಲೇ ಕರೆಯುವ ಆಕೆ, ಮಗಳು ಮದುವೆಯಾಗಿ ಬೇರೆ ಊರಿನಲ್ಲಿದ್ದುದರಿಂದ, ಗಂಡ ಹೋದ ಮೇಲೆ ಒಬ್ಬರೇ ಇದ್ದರು. ಗಂಡ ಇದ್ದಾಗ ಮನೆಯ ಪಕ್ಕದ ಶೆಡ್ಡಿನಲ್ಲಿ ರೇಷ್ಮೆ ನೂಲು ಬಿಚ್ಚುತ್ತಿದ್ದರು. ಭಾಯ್ ಆಗ ಮಾರುಕಟ್ಟೆಯಿಂದ ಗೂಡಿನ ಮೂಟೆಗಳನ್ನು ಅಲ್ಲಿಗೆ ಹಾಕುತ್ತಿದ್ದರಂತೆ. ಯಂತ್ರ ಮಾರಿದ ಮೇಲೆ ಆ ಶೆಡ್ಡಿಗೆ ಕೆಂಪು ನೆಲ ಹಾಕಿಸಿ, ಅಡುಗೆಗೊಂದು ಕಟ್ಟೆ, ಒಂದು ಬಚ್ಚಲು ಮಾಡಿಸಿ ಬಾಡಿಗೆಗೆ ಇಟ್ಟಿದ್ದರು. ಹೋಗಿ ನೋಡಿದೆ. ಮೂಟೆ ಹೊತ್ತವರು ನುಗ್ಗುತ್ತಿದ್ದ ಬಾಗಿಲು ಅದು, ಎರಡು ಕುರ್ಚಿ ಒಟ್ಟಿಗೆ ಹೋಗುವಷ್ಟು ಅಗಲ. ಮನೆಯೆಂದು ಕಟ್ಟಿದ್ದಲ್ಲವಾದ್ದರಿಂದ ಹೊಸ್ತಿಲೂ ಇರಲಿಲ್ಲ. ನೆಲದ ಎತ್ತರಕ್ಕೆ ಹೊರಗೆ ಕಲ್ಲಿನ ಮೆಟ್ಟಿಲಿತ್ತು, ಅದೊಂದೇ ಅಡ್ಡಿ.

ದೊಡ್ಡವ್ವ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ನನ್ನನ್ನು ಮೇಲಿಂದ ಕೆಳಗೆ ನೋಡಿದರು. ಇಳಿಜಾರು ಕಟ್ಟಿಸಿಕೊಳ್ಳುತ್ತೇನೆ ಅಂದದ್ದಕ್ಕೆ ಬೇಡ ಅನ್ನಲಿಲ್ಲ. ಬಚ್ಚಲಿನ ಬಾಗಿಲು ಕಿತ್ತು ಪರದೆ ಹಾಕಿಕೊಳ್ಳುತ್ತೇನೆ ಅಂದದ್ದಕ್ಕೂ ಬೇಡ ಅನ್ನಲಿಲ್ಲ. ಕೊನೆಗೆ ಆಕೆಯ ಕಣ್ಣೂ ಚಕ್ರದ ಮೇಲೆ ಬಂದು ನಿಂತಿತು.

“ನೆಲ ನೋಡಿ ಮೇಡಮ್ಮೋರೆ. ಇದ್ರ ಮೇಲೆ ನಾನು ತೊಳೀದ ಕಾಲ್ನ ಇಕ್ಕಿಲ್ಲ. ಗೌರಿ ಹಬ್ಬದ್ಗಂಟ ಇರಿ. ನೆಲ ಇಂಗೇ ಇದ್ರೆ ಆಮೇಕೂ ಇರಿ, ಇಲ್ಲಾಂದ್ರೆ ಬ್ಯಾರೆ ಕಡೆ ನೋಡ್ಕಳಿ.”

ಅಂದರೆ ಚಕ್ರ ಒರೆಸದೆ ಒಳಗೆ ಹೋಗುವ ಹಾಗಿಲ್ಲ. ಒಪ್ಪಿಕೊಂಡೆ. ಒಪ್ಪದೆ ಬೇರೆ ದಾರಿ ಇರಲಿಲ್ಲ.

ಇಳಿಜಾರು ಕಟ್ಟಲು ಬೇರೆಯವರನ್ನು ಕರೆಯಬೇಡ, ನನ್ನ ತಮ್ಮ ಇದ್ದಾನಲ್ಲ ಅಂದಳು ಅವ್ವ. ನನ್ನ ಸೋದರಮಾವ ತಿಪ್ಪಸಂದ್ರದಲ್ಲಿ ಗಾರೆ ಕೆಲಸ ಮಾಡುತ್ತಾನೆ. ಮಾಗಡಿ ತಾಲ್ಲೂಕಿನಲ್ಲಿ ರೇಷ್ಮೆ ಹುಳು ಸಾಕುವವರ ಹುಳುಮನೆ ಕಟ್ಟಬೇಕೆಂದರೆ ಅವನೇ ಆಗಬೇಕು. ಆದರೆ ಹಿಡಿದ ಕೆಲಸ ಮುಗಿಯುವವರೆಗೆ ಅವನು ಬರುವಂತಿರಲಿಲ್ಲ. ಅಲ್ಲಿಯವರೆಗೆ ಒಂದು ಸೆಂಟ್ರಿಂಗ್ ಹಲಗೆಯನ್ನು ಮೆಟ್ಟಿಲ ಮೇಲೆ ಓರೆಯಾಗಿ ಹಾಕಿಕೊಂಡು ಮನೆ ಹೊಕ್ಕೆ.

ಶಾಲೆ ಶುರುವಾಯಿತು, ಮಳೆಯೂ ಶುರುವಾಯಿತು. ಶಾಲೆಗೆ ನಾನೇ ಚಕ್ರ ತಳ್ಳಿಕೊಂಡು ಹೋಗುವ ಖುಷಿ ಇತ್ತಲ್ಲ, ಅದು ಮೊದಲ ಸಂಬಳದ ಖುಷಿಗಿಂತ ದೊಡ್ಡದು. ಆದರೆ ಸಂಜೆ ಮನೆ ಮುಂದೆ ಬಂದರೆ ಮತ್ತೆ ಹಳೆಯ ಕತೆಯೇ. ಕೆಳಗೆ ನಿಂತು ಚಕ್ರ ಒರೆಸಿದರೆ ಹಲಗೆ ಮುಟ್ಟುವುದರೊಳಗೆ ಮತ್ತೆ ಕೆಸರು. ಹಲಗೆ ಹತ್ತಿ ಒರೆಸೋಣವೆಂದರೆ ಎರಡು ಕೈಯಲ್ಲೂ ಕುರ್ಚಿ ಹಿಡಿಯದಿದ್ದರೆ ಹಿಂದಕ್ಕೆ ಜಾರುತ್ತದೆ. ದೊಡ್ಡವ್ವಾ ಅಂತ ಕೂಗಬೇಕು. ಆಕೆ ಒದ್ದೆ ಬಟ್ಟೆ ಹಿಡಿದು, ಮಂಡಿ ಹಿಡಿದುಕೊಂಡು, ನರಳುತ್ತಾ ಬಂದು ಬಾಗಿ ಒಂದೊಂದೇ ಚಕ್ರ ಒರೆಸುತ್ತಿದ್ದರು. ಒಂದು ದಿನವೂ ಗೊಣಗಲಿಲ್ಲ. ಆಕೆ ಒರೆಸುವಾಗ ನಾನು ಆಕಾಶ ನೋಡುತ್ತಿದ್ದೆ. ಅವ್ವನ ವಯಸ್ಸಿನವರು ನನ್ನ ಕಾಲ ಬುಡದಲ್ಲಿ ಬಾಗಿರುವುದನ್ನು ನೋಡಲು ಆಗುತ್ತಿರಲಿಲ್ಲ. ಸೊಪ್ಪು ತೀರಿದೆ, ಅಂಗಡಿಗೆ ಹೋಗಿಬರಬೇಕು ಅನ್ನಿಸಿದರೂ, ವಾಪಸ್ಸು ಬಂದಾಗ ಕೂಗಬೇಕಲ್ಲ ಅಂತ ಬರೀ ಮೊಸರನ್ನ ತಿಂದು ಮಲಗಿದ್ದೂ ಉಂಟು. ಮನೆ ಸಿಕ್ಕಿತ್ತು, ಬಾಗಿಲು ಇನ್ನೂ ಸಿಕ್ಕಿರಲಿಲ್ಲ.

ಕೊನೆಗೂ ಮಾವ ಬಂದ. ಒಂದು ಅಡಿ ಎತ್ತರಕ್ಕೆ ಹನ್ನೆರಡು ಅಡಿ ಉದ್ದ ಬೇಕು ಮಾವ ಅಂದೆ. ನಾವು ಹತ್ತುತ್ತಿರುವುದು ಮನೆಯನ್ನಾ, ರಾಮದೇವರ ಬೆಟ್ಟವನ್ನಾ ಅಂತ ಅವನು ತಲೆ ಕೆರೆದುಕೊಂಡ. ಬೈಕಿನ ಇಳಿಜಾರಿನ ಹಾಗೆ ಮಾಡಿದರೆ ನಾನು ಹತ್ತುವುದಿಲ್ಲ, ಉರುಳುತ್ತೇನೆ ಅಂದ ಮೇಲೆ ಒಪ್ಪಿದ. ಕೆಲಸ ಮಾಡಿ ಸಿಮೆಂಟು ಬಲಿಯುವವರೆಗೆ ಮನೆಯಲ್ಲಿರುವ ಹಾಗಿಲ್ಲವೆಂದು ರಜೆ ಹಾಕಿ ಬೈರಾಪಟ್ಟಣಕ್ಕೆ ಹೋದೆ. ಅವ್ವನ ರೇಷ್ಮೆ ಹುಳು ನಾಲ್ಕನೇ ಜ್ವರ ಎದ್ದು, ಪೊರೆ ಬಿಟ್ಟು ಹಗಲೂ ರಾತ್ರಿ ಸೊಪ್ಪು ಮೇಯುತ್ತಿತ್ತು. ನನ್ನ ಜೊತೆ ಬಂದು ನೋಡಲು ಅವಳಿಗೆ ಪುರುಸೊತ್ತಿರಲಿಲ್ಲ. ನಿನ್ನ ಮಾವ ಕಟ್ಟಿದ ಮೇಲೆ ನೋಡುವುದೇನಿದೆ ಅಂದಳು.

ನೋಡುವುದಿತ್ತು. ಭಾಯ್ ಅವರ ಆಟೋದಿಂದ ನಾನು ಇಳಿದಾಗ ಮಾವ ಹಲ್ಲು ಬಿಟ್ಟುಕೊಂಡು ನಿಂತಿದ್ದ, ದೊಡ್ಡವ್ವ ತಮ್ಮ ಜಗಲಿಯ ಮೇಲೆ ನಿಂತಿದ್ದರು. ಇಳಿಜಾರು ಉದ್ದಕ್ಕೆ, ಮೆತ್ತಗೆ ಏರಿತ್ತು. ಚಕ್ರ ಜಾರದಿರಲಿ ಅಂತ ಹಸಿ ಸಿಮೆಂಟಿನ ಮೇಲೆ ತೆಂಗಿನ ಕಡ್ಡಿ ಪೊರಕೆ ಎಳೆದು ಗೀರು ಹಾಕಿದ್ದ. ಕಣ್ಣು ತುಂಬಿ ಬಂತು. ತಲೆಯೆತ್ತಿ ಬಾಗಿಲು ನೋಡುತ್ತಲೇ ಕುರ್ಚಿ ತಳ್ಳಿದೆ. ಮುಂದಿನ ಪುಟ್ಟ ಚಕ್ರಗಳು ಧಡಕ್ಕನೆ ಯಾವುದೋ ಗುಂಡಿಗೆ ಇಳಿದವು, ನಾನು ಮುಗ್ಗರಿಸಿ ಇಳಿಜಾರಿನ ಮೇಲೆ ಕೈಯೂರಿದೆ.

ಇಳಿಜಾರಿನ ಬುಡದಲ್ಲಿ, ನೆಲದೊಳಕ್ಕೆ, ಅಡ್ಡಲಾಗಿ ಒಂದು ಸಿಮೆಂಟಿನ ತೊಟ್ಟಿ ಇತ್ತು. ಗೇಣಿಗಿಂತ ಕಡಿಮೆ ಆಳ, ನೇರ ಅಂಚು, ಮೂಲೆಯಲ್ಲಿ ನೀರು ಬಿಡಲು ಒಂದು ತೂತು. ರೇಷ್ಮೆ ಸಾಕುವ ಮನೆಯಲ್ಲಿ ಬೆಳೆದ ಯಾರಿಗಾದರೂ ನೋಡಿದ ತಕ್ಷಣ ಅದು ಏನೆಂದು ಗೊತ್ತಾಗುತ್ತದೆ. ಹುಳುವಿಗೆ ಹೊರಗಿನ ಸೋಂಕು ತಗಲಬಾರದು. ಅದಕ್ಕೇ ಹುಳುಮನೆಯ ಬಾಗಿಲಲ್ಲಿ ಇಂಥ ತೊಟ್ಟಿ ಮಾಡಿ, ಬ್ಲೀಚಿಂಗ್ ಪುಡಿ ಕದಡಿದ ನೀರು ನಿಲ್ಲಿಸಿರುತ್ತಾರೆ. ಯಾರೇ ಬರಲಿ, ಕಾಲು ಅದ್ದಿಯೇ ಒಳಗೆ ಹೋಗಬೇಕು. ಮಾವ ಎಷ್ಟೋ ವರ್ಷದಿಂದ ಕಟ್ಟಿದ್ದು ಬರೀ ಹುಳುಮನೆಯೇ. ಬಾಗಿಲಿಗೆ ಹೋಗುವ ದಾರಿ ಅಂದರೆ ಬುಡದಲ್ಲಿ ತೊಟ್ಟಿ ಇರಲೇಬೇಕು ಅಂತ ಅವನ ಕೈಗೆ ಪಾಠವಾಗಿಬಿಟ್ಟಿತ್ತು.

ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ನಾನೇನು ಹಿಪ್ಪುನೇರಳೆ ಸೊಪ್ಪು ತಿನ್ನುತ್ತೀನಾ ಮಾವ, ನಾಳೆ ಗೂಡು ಕಟ್ಟುತ್ತೀನಾ ಅಂತ ಬೀದಿಗೆಲ್ಲ ಕೇಳುವ ಹಾಗೆ ಕೂಗಾಡಿದೆ. ಮಾವ ತೊಟ್ಟಿಯನ್ನು ಆಗತಾನೇ ಕಂಡವನ ಹಾಗೆ ನೋಡುತ್ತಾ ನಿಂತ. ಆಮೇಲೆ ತಲೆ ತಗ್ಗಿಸಿ, “ಕೈ ಅದ್ರ ಪಾಡ್ಗೆ ಮಾಡ್ಬುಡ್ತು ಕಣವ್ವ” ಅಂದ. ಇವತ್ತೇ ಮುಚ್ಚಿಬಿಡುತ್ತೇನೆ ಅಂತ ಬಾಂಡಲಿ ತರಲು ಹೊರಟ. ಭಾಯ್ ಮಾತ್ರ ಆಟೋದ ಹಿಂದೆ ಹೋಗಿ ನಿಂತಿದ್ದರು. ನಗುವುದಕ್ಕೇ ಇರಬೇಕು.

ದೊಡ್ಡವ್ವ ಜಗಲಿಯಿಂದ ಇಳಿದು ಬಂದರು. ತೊಟ್ಟಿ ನೋಡಿದರು, ನನ್ನ ಚಕ್ರ ನೋಡಿದರು, ಮತ್ತೆ ತೊಟ್ಟಿ ನೋಡಿದರು.

“ಮುಚ್ಚಬ್ಯಾಡಿ. ಅಂಚ ಒಸಿ ಓರೆ ಮಾಡಿ, ಚಕ್ರ ಇಳ್ದು ಅತ್ತಂಗೆ. ನೀರು ನಾನು ಬುಡ್ತೀನಿ” ಅಂದರು.

ಮಾವನಿಗೆ ಅರ್ಥವಾಗಲು ಒಂದು ಬೀಡಿ ಸೇದುವಷ್ಟು ಹೊತ್ತು ಬೇಕಾಯಿತು. ನನಗೆ ತಕ್ಷಣ ಅರ್ಥವಾಯಿತು, ಆದರೆ ಅಷ್ಟು ಕೂಗಾಡಿದ ಮೇಲೆ ಒಪ್ಪಿಕೊಳ್ಳಲು ಮುಖವಿರಲಿಲ್ಲ. ಮಾವ ತೊಟ್ಟಿಯನ್ನು ಒಸಿ ಉದ್ದ ಮಾಡಿ, ಎರಡೂ ಕಡೆಯ ಅಂಚನ್ನು ಸವರಿ ಓರೆ ಮಾಡಿದ. ಅದು ಬಲಿತ ಮೇಲೆ ದೊಡ್ಡವ್ವ ಪೈಪು ಹಿಡಿದು ನೀರು ತುಂಬಿಸಿದರು. ಕುರ್ಚಿಯನ್ನು ನೀರಿಗೆ ಇಳಿಸಿ ಹಿಂದಕ್ಕೊಂದು ಸಲ, ಮುಂದಕ್ಕೊಂದು ಸಲ ಆಡಿಸಿದರೆ ಚಕ್ರ ಸುತ್ತೂ ತೊಳೆದುಹೋಗುತ್ತಿತ್ತು. ಮೇಲೆ ಬಾಗಿಲಲ್ಲಿ ಹಾಸಿದ ಗೋಣಿಚೀಲ ಒದ್ದೆ ಹೀರಿಕೊಳ್ಳುತ್ತಿತ್ತು. ಮೊದಲನೆಯ ದಿನ ಒಳಗೆ ಹೋಗಿ, ಕೆಂಪು ನೆಲದ ಮೇಲೆ ತಿರುಗಿ, ಹಿಂದೆ ನೋಡಿದೆ. ಒಂದು ಗೆರೆಯೂ ಬಿದ್ದಿರಲಿಲ್ಲ. ಮತ್ತೆ ಹೊರಗೆ ಬಂದೆ, ಮತ್ತೆ ಒಳಗೆ ಹೋದೆ. ಕೆಲಸವೇನೂ ಇರಲಿಲ್ಲ, ಸುಮ್ಮನೆ. ಯಾರನ್ನೂ ಕರೆಯಲಿಲ್ಲ.

ಅಲ್ಲಿಂದ ಮುಂದೆ ನನ್ನ ದಿನಗಳು ಚೆನ್ನಾಗಿಯೇ ಉರುಳಿದವು. ಬೆಳಗ್ಗೆ ದೊಡ್ಡವ್ವ ತೂತಿಗೆ ತುರುಕಿದ ಬಟ್ಟೆ ಕಿತ್ತು ಹಳೆಯ ನೀರನ್ನು ಕನಕಾಂಬರದ ಗಿಡಗಳಿಗೆ ಬಿಟ್ಟು ಹೊಸ ನೀರು ತುಂಬುತ್ತಿದ್ದರು. ಬೀದಿಯ ನಾಯಿಯೊಂದು ಮಧ್ಯಾಹ್ನ ಬಂದು ಕುಡಿದು ಹೋಗುತ್ತಿತ್ತು. ಅವ್ವ ನನ್ನನ್ನು ನೋಡಲು ಬಂದಾಗ, ಮಾತಾಡುತ್ತಲೇ ಬಂದವಳು, ಕೆಳಗೆ ನೋಡದೆ ಎರಡು ಕಾಲನ್ನೂ ತೊಟ್ಟಿಯಲ್ಲಿ ಅದ್ದಿ, ಸೆರಗಿಂದ ಮೂಗು ಮುಚ್ಚಿಕೊಂಡು ಒಳಗೆ ಬಂದಳು. ಮೂಗು ಮುಚ್ಚಿಕೊಂಡದ್ದು ಬ್ಲೀಚಿಂಗ್ ವಾಸನೆಗೆ. ವಾಸನೆ ಇರಲಿಲ್ಲ, ಅಭ್ಯಾಸ ಇತ್ತು. ನಾವಿಬ್ಬರೂ ನಕ್ಕೂ ನಕ್ಕೂ ಸುಸ್ತಾದೆವು. ನಾನು ಬೇಕಾದಾಗ ಸೊಪ್ಪು ತಂದೆ, ಬೇಕಾದಾಗ ಸಿಹಿ ತಂದೆ, ಒಂದು ಭಾನುವಾರ ಏನೂ ಬೇಡದೆ ಬೀದಿಯ ತುದಿಯವರೆಗೆ ಹೋಗಿ ಬಂದೆ. ಹೊಟ್ಟೆ ಉರಿಸುತ್ತಿದ್ದ ಬೈಕುಗಳನ್ನೂ ಕ್ಷಮಿಸಿಬಿಟ್ಟೆ.

ಸಂಜೆ ಹೊತ್ತು ದೊಡ್ಡವ್ವ ನನ್ನ ಮನೆಗೆ ಬರುತ್ತಿದ್ದರು. ಮಂಚದ ಮೇಲೆ ಕೂತು ಕಾಲು ನೀವಿಕೊಳ್ಳುತ್ತಾ ಗಂಡನ ಕಾಲದ ಕತೆ ಹೇಳುತ್ತಿದ್ದರು. ಬೀದಿಯ ಬೇರೆ ಹೆಂಗಸರೂ ಬರುತ್ತಿದ್ದರು. ಒಬ್ಬಳು ಮಗಳಿಗೆ ಲೆಕ್ಕ ಹೇಳಿಸಿಕೊಳ್ಳಲು, ಒಬ್ಬಳು ಸುಮ್ಮನೆ. ಎಲ್ಲರೂ ನನ್ನಲ್ಲಿಗೆ ಬರುತ್ತಿದ್ದರು. ನಾನು ಮಾತ್ರ ಯಾರ ಮನೆಗೂ ಹೋಗಿರಲಿಲ್ಲ. ಕೈಯಳತೆಯಲ್ಲಿದ್ದ ದೊಡ್ಡವ್ವನ ಮನೆಯ ಅಡುಗೆಕೋಣೆ ಯಾವ ಕಡೆ ಇದೆ ಅಂತ ನನಗೆ ಗೊತ್ತಿರಲಿಲ್ಲ. ವರಮಹಾಲಕ್ಷ್ಮಿ ಹಬ್ಬದ ಸಂಜೆ ಬೀದಿಯ ಹೆಂಗಸರೆಲ್ಲ ಅರಿಸಿನ ಕುಂಕುಮಕ್ಕೆ ಆಕೆಯ ಮನೆಗೆ ಹೋದರು. ಒಳಗಿಂದ ಬಳೆಯ ಸದ್ದು, ನಗು ಕೇಳುತ್ತಿತ್ತು. ಎಲ್ಲರೂ ಹೋದ ಮೇಲೆ ದೊಡ್ಡವ್ವ ತಟ್ಟೆ ಹಿಡಿದು ನನ್ನ ಬಾಗಿಲಿಗೆ ಬಂದು ಕುಂಕುಮ ಇಟ್ಟು ತಾಂಬೂಲ ಕೊಟ್ಟರು. ಸಂತೋಷದಿಂದ ತೆಗೆದುಕೊಂಡೆ. ಆಕೆ ಆಚೆ ಹೋದ ಮೇಲೆ, ಯಾಕೋ, ತುಂಬಾ ಬೇಸರವಾಯಿತು.

ಅದರ ಮೇಲೆ ಗೌರಿ ಹಬ್ಬ ಹತ್ತಿರ ಬರುತ್ತಿತ್ತು. ಆಕೆ ಹೇಳಿದ್ದ ಗಡುವು ಅದೇ. ನೆಲ ಹಾಗೇ ಇದೆ ಅಂತ ನನಗೆ ಗೊತ್ತು, ಆದರೆ ಆಕೆಯ ಬಾಯಿಂದ ಇರಿ ಅನ್ನುವ ಮಾತು ಬಂದಿರಲಿಲ್ಲ. ನಾನಾಗಿ ಕೇಳಲು ಧೈರ್ಯವಾಗಲಿಲ್ಲ. ಕೇಳಿ, ಇಲ್ಲ ಅಂದುಬಿಟ್ಟರೆ?

ಹಬ್ಬಕ್ಕೆ ಒಂದು ವಾರ ಇರುವಾಗ ಶಾಲೆಯಿಂದ ಬಂದರೆ ಗೇಟಿನ ಬಳಿ ಮರಳು ರಾಶಿ, ಸಿಮೆಂಟು ಚೀಲ. ಮಾವ ದೊಡ್ಡವ್ವನ ಜಗಲಿಯ ಅಂಚನ್ನು ಉಳಿ ಹಿಡಿದು ಒಡೆಯುತ್ತಿದ್ದ. ನನಗೆ ಒಂದು ಮಾತೂ ಹೇಳದೆ ಬಂದಿದ್ದ. ಏನು ಮಾವ ಇದು ಅಂದರೆ, ಆಯಮ್ಮ ಕರೆಸಿದರು ಬಂದೆ, ಅವರನ್ನೇ ಕೇಳು ಅಂದ. ದೊಡ್ಡವ್ವನನ್ನು ಕೇಳಿದರೆ, ಮಂಡಿ ನೋವು, ಮೆಟ್ಟಿಲು ಹತ್ತಲು ಆಗುತ್ತಿಲ್ಲ, ಸರಿ ಮಾಡಿಸುತ್ತಿದ್ದೇನೆ ಅಂದು ಒಳಗೆ ಹೋಗಿಬಿಟ್ಟರು. ನಾನು ಇಲ್ಲೇ ಉಳಿಯುವ ಮಾತು ಎತ್ತಲೇ ಇಲ್ಲ. ನನ್ನ ತಲೆಯಲ್ಲಿ ಇಲ್ಲದ ಯೋಚನೆಗಳೆಲ್ಲ ಬಂದವು. ಮನೆ ರಿಪೇರಿ ಮಾಡಿಸುತ್ತಿದ್ದಾರೆ ಅಂದರೆ ಮಗಳ ಸಂಸಾರ ಬಂದು ಇರುತ್ತದೇನೋ, ಅವರಿಗೆ ಈ ಶೆಡ್ಡು ಬೇಕಾಗುತ್ತದೇನೋ. ಮಾವನ ಕೆಲಸದ ಮೇಲೆ ಒದ್ದೆ ಗೋಣಿಚೀಲ ಹಾಸಿ ಬಲಿಯಲು ಬಿಟ್ಟಿದ್ದರು. ದಿನಾ ಹೋಗುವಾಗ ಬರುವಾಗ ಆ ಗೋಣಿಚೀಲಗಳನ್ನು ಅನುಮಾನ ಬಂದವಳಂತೆ ನೋಡುತ್ತಿದ್ದೆ. ಮತ್ತೆ ಹುಡುಕಬೇಕಾ ಮನೆ ಅಂತ ಭಾಯ್‌ಗೂ ಹೇಳಿಟ್ಟೆ. ಆತ ಬೇರೆ ಕಡೆ ನೋಡುತ್ತಾ ಆಟೋ ಸ್ಟಾರ್ಟ್ ಮಾಡಿದರು.

ಗೌರಿ ಹಬ್ಬದ ಬೆಳಗ್ಗೆ ತಲೆಗೆ ನೀರು ಹಾಕಿಕೊಂಡು, ಹಸಿರು ಸೀರೆ ಉಟ್ಟು, ಇನ್ನು ತಡೆಯಲಾಗದೆ ಹೊರಗೆ ಬಂದೆ. ಇರುವುದೋ ಹೋಗುವುದೋ ಇವತ್ತು ತಿಳಿದೇಬಿಡಲಿ ಅಂತ. ಗೋಣಿಚೀಲಗಳನ್ನು ತೆಗೆದಿದ್ದರು. ದೊಡ್ಡವ್ವನ ಬಾಗಿಲಿಗೆ ಉದ್ದನೆಯ ಇಳಿಜಾರು ಏರಿತ್ತು, ಮೈಮೇಲೆ ಅದೇ ಪೊರಕೆಯ ಗೀರು. ಅದರ ಬುಡದಲ್ಲಿ ತೊಟ್ಟಿ, ತುಂಬಾ ತಿಳಿನೀರು. ತುಳಿಯಬಾರದ ಹೊಸ್ತಿಲಿಗೆ ಚಕ್ರ ತಾಗದಿರಲಿ ಅಂತ ಅದರ ಮೇಲೆ ಹಲಗೆಯ ಪುಟ್ಟ ಸೇತುವೆ ಮಾಡಿಟ್ಟಿದ್ದ ಮಾವ. ಅರಿಸಿನ ಹಚ್ಚಿದ ಹೊಸ್ತಿಲು ಅದರ ಕೆಳಗೆ ಹಾಗೇ ಕಾಣುತ್ತಿತ್ತು. ಮಂಡಿ ನೋವಿಗೆ ತೊಟ್ಟಿ ಯಾಕೆ ಬೇಕು ಅನ್ನುವ ಲೆಕ್ಕ, ಲೆಕ್ಕದ ಟೀಚರಿಗೆ ಆಗ ಹೊಳೆಯಿತು.

ದೊಡ್ಡವ್ವ ಬಾಗಿಲಲ್ಲಿ ನಿಂತಿದ್ದರು. ಕೇಳಬೇಕೆಂದು ಹೊರಟ ಮಾತು ಮೆತ್ತಗಾಗಿತ್ತು. ಆದರೂ ಕೇಳಿದೆ, ಗೌರಿ ಹಬ್ಬ ಬಂತಲ್ಲ ದೊಡ್ಡವ್ವ, ಏನಂತೀರಿ ಅಂತ. ಆಕೆ ತೊಟ್ಟಿಯ ಕಡೆ ಕೈ ತೋರಿಸಿದರು. ನಾನು ಕುರ್ಚಿಯನ್ನು ನೀರಿಗೆ ಇಳಿಸಿ, ಹಿಂದಕ್ಕೂ ಮುಂದಕ್ಕೂ ಆಡಿಸಿದೆ. ಮೇಲೆ ನೋಡಿದರೆ ಆಕೆ ಒಳಗೆ ಹೋಗಿದ್ದರು. ತಿರುಗಿ ಬಂದಾಗ ಕೈಯಲ್ಲಿ ಹಿತ್ತಾಳೆಯ ಚೊಂಬು. ಇಳಿಜಾರು ಇಳಿದು ಬಂದು ಅದನ್ನು ನನ್ನ ಕೈಗೆ ಕೊಟ್ಟರು.

“ಚಕ್ರದ್ದಾಯ್ತು. ನಿನ್ ಕಾಲು? ಕಾಲ್ ತೊಳ್ಕಂಡು ಒಳೀಕ್ ಬಾ.”

ನನ್ನ ಬಾಲ್ಯದ ಹಠ ಆಕೆಗೆ ಗೊತ್ತಿರಲಿಲ್ಲ. ನಾನು ಯಾರಿಗೂ ಹೇಳಿರಲಿಲ್ಲ. ಹಬ್ಬದ ದಿನ ಮನೆಗೆ ಬಂದವರಿಗೆ ಎಲ್ಲರಿಗೂ ಹೇಳುವ ಹಾಗೆ ಹೇಳಿದರು, ಅಷ್ಟೇ. ಇಷ್ಟು ದಿನದ ಮೇಡಮ್ಮೋರೆ ಅನ್ನುವ ಕರೆ ಎಲ್ಲೋ ಬಿದ್ದುಹೋಗಿತ್ತು. ಸೀರೆಯ ನೆರಿಗೆಯನ್ನು ಒಂದು ಕೈಯಲ್ಲಿ ಹಿಡಿದು, ಬಾಗಿ, ಒಂದು ಕಾಲಿಗೆ ನೀರು ಹಾಕಿಕೊಂಡೆ, ಆಮೇಲೆ ಇನ್ನೊಂದು ಕಾಲಿಗೆ. ನೀರು ತಣ್ಣಗಿತ್ತು. ಚೊಂಬನ್ನು ಮಡಿಲಲ್ಲಿ ಇಟ್ಟುಕೊಂಡು ಇಳಿಜಾರು ಹತ್ತಿ ಒಳಗೆ ಹೋದೆ. ಅಡುಗೆಕೋಣೆ ಎಡಗಡೆ ಇತ್ತು.